ಹಿತ್ತಲಿನ ಮುಳುಗಡೆ ಕಲ್ಲು

ಈ ಬೇಸಿಗೆಯಲ್ಲಿ ಟಿವಿಯವರು ಸಿಂಧೂ ನದಿಯ ಒಪ್ಪಂದವನ್ನು ಹಿಡಿದು ಕುಳಿತಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿರಿಯೂರು ತಾಲ್ಲೂಕಿನಲ್ಲಿ, ನಾಲೆಯ ಮಗ್ಗುಲಲ್ಲೇ ಇರುವ ಊರು ನಮ್ಮದು. ಅಕ್ಕಪಕ್ಕದ ತೆಂಗಿನ ತೋಟದವರೆಲ್ಲ ಸಂಜೆ ನಮ್ಮಲ್ಲೇ ಸೇರುತ್ತಾರೆ. ಟಿವಿ ದೊಡ್ಡದು, ಕಾಫಿಗೆ ಸಕ್ಕರೆ ಹಾಕುವುದರಲ್ಲಿ ನನ್ನ ಕೈಯೂ ದೊಡ್ಡದು. ಪರದೆಯ ಮೇಲೆ ಒಬ್ಬರು ಕೋಲು ಹಿಡಿದು ಭೂಪಟದ ನದಿಗಳನ್ನು ತೋರಿಸುತ್ತ, ಮೇಲಿನ ದೇಶ ನೀರು ನಿಲ್ಲಿಸಿದರೆ ಕೆಳಗಿನ ದೇಶದ ಗತಿ ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತಿದ್ದರು. "ನಿಲ್ಲಿಸ್ಬೇಕು ಬಿಡ್ರಿ. ಒಂದು ಹನಿ ಬಿಡಬಾರ್ದು," ಎಂದರು ನಮ್ಮ ಮನೆಯವರು. ಎಲ್ಲರೂ ಹೌದು ಹೌದು ಎಂದರು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ ಹೋದೆ.

"ಯಾಕೆ ಹಿಂಗೆ ಅಂಡು ಸುಟ್ಟ ಬೆಕ್ಕಿನಂಗೆ ತಿರುಗಾಡ್ತೀಯ? ಒಂದ್ ಕಡೆ ಕುಂತ್ಕ," ಎಂದರು.

ಕೂರಲು ಆಗುವುದಿಲ್ಲ, ಏನು ಮಾಡಲಿ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಮೊದಲು ಹೊಳಲ್ಕೆರೆಯಲ್ಲಿ, ಈಗ ಹಿರಿಯೂರಿನಲ್ಲಿ. ನದಿ ನೀರಿನ ಹಂಚಿಕೆಯ ಪಾಠ ಬಂದರೆ ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಈ ಕಡೆ ಮೇಲಿನವರು, ಆ ಕಡೆ ಕೆಳಗಿನವರು ಎಂದು ಬರೆದು ಸಲೀಸಾಗಿ ಮುಗಿಸುತ್ತಿದ್ದೆ. ಈಗ ಆ ಗೆರೆ ಎಳೆಯಲು ಕೈ ಏಳುವುದಿಲ್ಲ. ನಾನು ಹುಟ್ಟಿದ್ದು ಮಾರಿಕಣಿವೆ ಡ್ಯಾಮಿನ ಮೇಲ್ಗಡೆ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರಿನಲ್ಲಿ. ಸೇರಿದ್ದು ಡ್ಯಾಮಿನ ಕೆಳಗೆ. ಡ್ಯಾಮಿಗೆ ಬರುವ ವೇದಾವತಿ ಹೊಳೆ ಉಕ್ಕಿದರೆ ತವರು ಮುಳುಗುತ್ತದೆ, ಬತ್ತಿದರೆ ಗಂಡನ ಮನೆ ಒಣಗುತ್ತದೆ. ಹೆಣ್ಣು ಕೊಡುವಾಗ ನಮ್ಮಪ್ಪ ಜಾತಕ ನೋಡಿಸಿದರು, ಮನೆತನ ವಿಚಾರಿಸಿದರು, ಇದೊಂದನ್ನು ಮಾತ್ರ ಯೋಚಿಸಲಿಲ್ಲ. ಅವರ ತಪ್ಪಲ್ಲ. ಆ ಕಾಲದಲ್ಲಿ ಡ್ಯಾಮು ತುಂಬುತ್ತದೆ ಎಂದರೆ ಜನ ನಗುತ್ತಿದ್ದರು.

ನಮ್ಮ ಕಡೆ ಇಬ್ಬರು ಎದುರಾದರೆ ಊಟ ಆಯ್ತಾ ಎನ್ನುವುದಕ್ಕಿಂತ ಮೊದಲು ಬರುವ ಪ್ರಶ್ನೆ, "ಎಷ್ಟು ಅಡಿ ಐತೆ?" ಏನು, ಎಲ್ಲಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮಾರಿಕಣಿವೆ ಡ್ಯಾಮಿನ ನೀರಿನ ಮಟ್ಟ ಎಂದು ಮಕ್ಕಳಿಗೂ ಗೊತ್ತು. ನೂರಮೂವತ್ತು ಅಡಿಯಾದರೆ ಕೋಡಿ ಬೀಳುತ್ತದೆ, ಅಂದರೆ ಅಂಚು ಮೀರಿ ಹರಿಯುತ್ತದೆ. ನಾನು ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಮಟ್ಟ ಅರ್ಧದ ಆಸುಪಾಸಿನಲ್ಲೇ ತೆವಳುತ್ತಿತ್ತು. ನಾಲೆಗೆ ನೀರು ಬಿಡುತ್ತಿರಲಿಲ್ಲ. ತೆಂಗಿನ ಮರಗಳ ಸುಳಿ ಒಣಗಿ ಗರಿಗಳು ಜೋತುಬಿದ್ದವು. ನಮ್ಮ ಮಾವನವರು ಬೆಳಗ್ಗೆ ತೋಟಕ್ಕೆ ಹೋಗುವುದನ್ನೇ ಬಿಟ್ಟರು, ನೋಡಲಾರೆ ಎಂದರು. ಬೋರು ಕೊರೆಸಿದೆವು, ಬರೀ ಧೂಳು ಎದ್ದಿತು. ಟ್ಯಾಂಕರಿನಲ್ಲಿ ತರಿಸಿದ ನೀರನ್ನು ಕೊಡದಲ್ಲಿ ಹೊತ್ತು ಬುಡಬುಡಕ್ಕೆ ಹಾಕಿದೆವು. ಶಾಲೆಯಿಂದ ಬಂದವಳೇ ಸೆರಗು ಸಿಕ್ಕಿಸಿ ನಾನೂ ಹೊತ್ತಿದ್ದೇನೆ. ಉಳಿದುಕೊಂಡ ಮರಗಳಲ್ಲಿ ಯಾವುದಕ್ಕೆ ನನ್ನ ಕೊಡದ ನೀರು ಹೋಗಿದೆ ಎಂದು ಇವತ್ತಿಗೂ ಕೈ ಮಾಡಿ ತೋರಿಸಬಲ್ಲೆ. ಜವನಗೊಂಡನಹಳ್ಳಿಗೆ ಕೊಟ್ಟಿರುವ ನಾದಿನಿ ಬಂದಾಗ ನಮ್ಮ ಗೋಳು ಕೇಳಿ ನಗುತ್ತಿದ್ದಳು. "ನಿಮ್ಗಾದ್ರೆ ನೀರು ಬರ್ಲಿಲ್ಲ ಅಂತ ಬೈಯಾಕೆ ಒಂದು ನಾಲೆ ಐತೆ ಅತ್ತಿಗೆ. ನಮ್ಗೆ ಅದೂ ಇಲ್ಲ," ಎನ್ನುತ್ತಿದ್ದಳು.

ಅದೇ ವರ್ಷಗಳಲ್ಲಿ ತವರಿನಲ್ಲಿ ನನ್ನ ಅಣ್ಣ ಹಿನ್ನೀರು ಇಳಿದು ಬಯಲಾದ ನೆಲದಲ್ಲಿ ಈರುಳ್ಳಿ, ಶೇಂಗಾ, ರಾಗಿ ಬೆಳೆಯುತ್ತಿದ್ದ. ನೀರು ಬಿಟ್ಟುಹೋದ ಗೋಡು ಮಣ್ಣು, ಗೊಬ್ಬರವೇ ಬೇಕಿರಲಿಲ್ಲ. ನಮ್ಮ ತೋಟ ಒಣಗಿದಷ್ಟೂ ಅವನ ಹೊಲ ಅಗಲವಾಗುತ್ತಿತ್ತು. ಹೊಸದುರ್ಗದ ಬಸ್ಸಿಗೆ ಈರುಳ್ಳಿ ಮೂಟೆ ಹಾಕಿ ಕಳಿಸುತ್ತಿದ್ದ, ನಮ್ಮ ಮನೆಯವರು ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡು ಬರುತ್ತಿದ್ದರು. ಇಬ್ಬರೂ ಫೋನಿನಲ್ಲಿ ಹರಟೆಗೆ ಕುಳಿತರೆ ನನಗೆ ಸರದಿ ಸಿಗುತ್ತಿರಲಿಲ್ಲ. ಇಬ್ಬರಿಗೂ ಮಳೆ ಬರಲಿ ಎಂಬ ಆಸೆ. ಎಷ್ಟು ಬರಲಿ ಎಂಬ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಈಗ ಆ ಕಲ್ಲಿನ ವಿಷಯ ಹೇಳಬೇಕು. ತವರು ಮನೆಯ ಹಿತ್ತಲಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿತ್ತು. ನಾಲ್ಕು ಮೂಲೆ ಚೊಕ್ಕವಾಗಿ ಕೆತ್ತಿದ್ದು, ಒಂದು ಮಗ್ಗುಲಿಗೆ ಬಾಣದ ಗುರುತು, ಅದರ ಕೆಳಗೆ ಸವೆದುಹೋದ ಇಂಗ್ಲಿಷ್ ಅಕ್ಷರ. ಅದಕ್ಕೆ ಎಮ್ಮೆ ಕಟ್ಟುತ್ತಿದ್ದೆವು. ನಾಗರ ಪಂಚಮಿಯ ದಿನ ಮಾತ್ರ ಎಮ್ಮೆಯನ್ನು ಬಿಚ್ಚಿ, ಕಲ್ಲು ತೊಳೆದು, ಅಣ್ಣನನ್ನು ಅದರ ಮೇಲೆ ಕೂರಿಸುತ್ತಿದ್ದರು. ಹುತ್ತಕ್ಕೆ ತನಿ ಎರೆದು ಬಂದ ಮೇಲೆ, ಉಳಿದ ಹಾಲಿನಲ್ಲಿ ಹೂವು ಅದ್ದಿ ಒಡಹುಟ್ಟಿದವನ ಬೆನ್ನು ತೊಳೆಯುವುದು ನಮ್ಮಲ್ಲಿ ಹೆಣ್ಣುಮಕ್ಕಳ ಪದ್ಧತಿ. "ಬೆನ್ನು ತಣ್ಣಗಿರ್ಲಿ, ಹೊಟ್ಟೆ ತಣ್ಣಗಿರ್ಲಿ ಅನ್ನು," ಎಂದು ಅಜ್ಜಿ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದಳು. ಅಣ್ಣನಿಗೆ ವಿಪರೀತ ಕಚಗುಳಿ. ನಾನು ಬೇಕೆಂದೇ ಹೂವನ್ನು ಕಂಕುಳಿಗೆ ತಾಗಿಸುತ್ತಿದ್ದೆ, ಅವನು ಕುಣಿದಾಡುತ್ತಿದ್ದ, ಅಜ್ಜಿ ಇಬ್ಬರಿಗೂ ಬೈಯುತ್ತಿದ್ದಳು.

ಒಂದು ಪಂಚಮಿಯಲ್ಲಿ ಅಜ್ಜಿಯೇ ಆ ಕಲ್ಲಿನ ಕಥೆ ಹೇಳಿದಳು. ಡ್ಯಾಮು ಕಟ್ಟಿದಾಗ ಸರ್ಕಾರದವರು ನೀರು ಎಲ್ಲಿಯವರೆಗೆ ಬಂದೀತು ಎಂದು ಅಳೆದು ಸುತ್ತಲೂ ಇಂಥ ಕಲ್ಲು ನೆಟ್ಟರಂತೆ. ಕಲ್ಲಿನ ಕೆಳಗಿನ ನೆಲ ಡ್ಯಾಮಿನದು, ಮೇಲಿನದು ಊರಿನದು. ಊರು ಮೇಲೆ ಹೋಯಿತು. ನೀರು ಒಂದು ಸಲ ಬಂದು ಹೋದದ್ದು ಬಿಟ್ಟರೆ ಮತ್ತೆ ಅಷ್ಟು ದೂರ ಬರಲೇ ಇಲ್ಲ. ಜನ ಕಾದು ಕಾದು ಒಬ್ಬೊಬ್ಬರಾಗಿ ಕೆಳಗಿಳಿದರು, ಮನೆ ಕಟ್ಟಿದರು, ತೆಂಗು ಹಾಕಿದರು. ನಮ್ಮ ತಾತನೂ ಇಳಿದ. ಮನೆಯ ಮುಂದುಗಡೆ ಎತ್ತರದ ದಿಣ್ಣೆಯ ಮೇಲಿದ್ದ ಕಲ್ಲನ್ನು ಎತ್ತು ಹೂಡಿ ಎಳೆಸಿ, ಮನೆಗಿಂತ ಕೆಳಗಿನ ಹಿತ್ತಲಿನಲ್ಲಿ ತಂದು ಹೂತ. ಅಲ್ಲಿಗೆ ನಮ್ಮ ಮನೆ ಊರಿನ ನೆಲದಲ್ಲಿದೆ ಎಂದಾಯಿತು. "ಒಳ್ಳೆ ಕಲ್ಲು. ಬಿಸಿಲಾಗೆ ಸುಮ್ನೆ ನಿಂತಿತ್ತು, ತಂದ್ವಿ," ಎಂದು ಅಜ್ಜಿ ನಕ್ಕಳು. "ಯಾರ್ ಮುಂದೂ ಅನ್ಬ್ಯಾಡ್ರಿ ಮತ್ತೆ." ನಾವಿಬ್ಬರೂ ತಲೆಯಾಡಿಸಿದೆವು. ಅಣ್ಣನ ಬೆನ್ನ ಮೇಲೆ ಹಾಲು ಇನ್ನೂ ಇಳಿಯುತ್ತಿತ್ತು.

ಆಮೇಲೆ ಕಾಲ ತಿರುಗಿತು. ವರ್ಷದ ಮೇಲೆ ವರ್ಷ ಮಳೆ ಹಿಡಿಯಿತು, ಭದ್ರಾ ಕಡೆಯಿಂದಲೂ ನೀರು ಬರತೊಡಗಿತು. ನೂರು ಅಡಿ, ನೂರಹತ್ತು, ನೂರಿಪ್ಪತ್ತು. ನಮ್ಮ ಮನೆಯವರು ದಿನಾ ಬೆಳಗ್ಗೆ ಫೋನು ನೋಡಿ ಮಟ್ಟವನ್ನು ಓದಿ ಹೇಳಿದ ಮೇಲೆಯೇ ಹಲ್ಲುಜ್ಜುತ್ತಿದ್ದರು. ಕೋಡಿ ಬಿದ್ದ ದಿನ ನಾನು ಶಾಲೆಗೆ ರಜೆ ಹಾಕಿ, ಊರಿನ ಹೆಂಗಸರ ಜೊತೆ ಟ್ರ್ಯಾಕ್ಟರಿನಲ್ಲಿ ಹೋದೆ. ನೀರಿಗೆ ಅರಿಸಿನ ಕುಂಕುಮ ಹಾಕಿ ಬಾಗಿನ ಬಿಟ್ಟೆವು. ಜೊತೆಗೆ ಬಂದಿದ್ದ ಮಾವನವರು ಕೈಮುಗಿದುಕೊಂಡು ಅತ್ತರು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅದೇ ಹೊತ್ತಿಗೆ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ಅಣ್ಣ.

"ಏನದು ಸದ್ದು?" ಎಂದ.

"ಕೋಡಿ ನೋಡಾಕೆ ಬಂದೀವಿ ಕಣಣ್ಣ."

"ನೋಡು ನೋಡು. ಇಲ್ಲಿ ಹಿತ್ಲಿಗೆ ಬಂದೈತೆ. ಎಮ್ಮೆ ತಂದು ಮುಂದ್ಗಡೆ ಕಟ್ಟೀನಿ," ಎಂದು ಫೋನಿಟ್ಟ.

ಭಾನುವಾರ ಮೊದಲ ಬಸ್ಸು ಹಿಡಿದು ಹೋದೆ. ಊರಿನ ರಸ್ತೆ ಅರ್ಧಕ್ಕೇ ನೀರಿನೊಳಗೆ ಇಳಿದು ಹೋಗಿತ್ತು. ಹಿತ್ತಲಿನ ಬಾವಿ ಎಲ್ಲಿತ್ತೆಂದು ಗುರುತೇ ಸಿಗಲಿಲ್ಲ. ತೆಂಗಿನ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವು. ಅಡುಗೆಮನೆಯ ಹೊಸ್ತಿಲಿಗೆ ನೀರು ಬಂದು ಬಂದು ತಾಗುತ್ತಿತ್ತು. ಅತ್ತಿಗೆ ರಾಗಿ ಚೀಲಗಳನ್ನು ಒಂದೊಂದಾಗಿ ಮೇಲಿನ ಶಾಲೆಗೆ ಹೊರುತ್ತಿದ್ದರು. ಶಾಲೆಯ ಜಗಲಿಯ ಮೇಲೆ ಕುಳಿತಿದ್ದ ಊರಿನ ಹಿರಿಯರೊಬ್ಬರು ನನ್ನನ್ನು ಕಂಡು, "ಬಾರವ್ವ, ಟೈಮಿಗೆ ಸರಿಯಾಗಿ ಬಂದೆ. ಕೋಡಿ ಎತ್ತರ ಇಳಿಸ್ರಿ, ನೀರು ಇಷ್ಟು ನಿಲ್ಲಾದು ಬ್ಯಾಡ ಅಂತ ಒಂದು ಅರ್ಜಿ ಬರ್ಕೊಡು. ನೀನು ಊರ ಮಗಳು," ಎಂದರು. ನಿಂತ ಕಾಲಲ್ಲೇ ಬರೆದುಕೊಟ್ಟೆ. ಹೊಸ್ತಿಲು, ರಾಗಿ ಚೀಲ, ಕಾಣೆಯಾದ ಬಾವಿ, ಎಲ್ಲವನ್ನೂ ಹಾಕಿದೆ. ಅಣ್ಣ ಓದಿ, "ಅಳು ಬರಂಗೈತಲ್ಲೇ," ಎಂದು ನನ್ನ ತಲೆ ಮುಟ್ಟಿದ.

ಹತ್ತು ದಿನಕ್ಕೆ ಸುದ್ದಿ ನಮ್ಮ ಕಡೆಗೂ ಮುಟ್ಟಿತು. ಇಪ್ಪತ್ತು ಜನ ಗಂಡಸರು ನಮ್ಮ ಪಡಸಾಲೆಯಲ್ಲಿ ಕುಳಿತರು. "ಮೇಲಿನೋರು ಕೋಡಿ ಇಳಿಸ್ಬೇಕು ಅಂತಾರಂತೆ. ಇಳಿಸಿದ್ರೆ ನಾವು ಮತ್ತೆ ಟ್ಯಾಂಕರ್ ಹಿಂದೆ ಓಡ್ಬೇಕು. ಅವ್ರ ಅರ್ಜಿ ಯಾರೋ ಭಾರಿ ಬರ್ದವ್ರಂತೆ. ನಮ್ದು ಅದ್ಕಿಂತ ಗಟ್ಟಿ ಇರ್ಬೇಕು, ಬರ್ಕೊಡ್ರಿ ಟೀಚರಮ್ಮ," ಎಂದರು. ಮೇಲಿನವರ ಅರ್ಜಿ ಯಾರು ಬರೆದದ್ದು ಎಂದು ಗೊತ್ತಿದ್ದವರು ನಮ್ಮ ಮನೆಯವರೊಬ್ಬರೇ. ಅವರು ನನ್ನ ಮುಖ ನೋಡಿ ನೆಲ ನೋಡಿದರು.

ಆಗುವುದಿಲ್ಲ ಎನ್ನಬಹುದಿತ್ತು. ತಲೆನೋವು ಎನ್ನಬಹುದಿತ್ತು. ಎನ್ನಲಿಲ್ಲ. ಕೊಡ ಹೊತ್ತ ಆ ಮರಗಳು ಕಣ್ಣಿಗೆ ಬಂದವು, ಕೋಡಿಯ ಮುಂದೆ ಅತ್ತ ಮಾವನವರ ಮುಖ ಬಂತು. ಇನ್ನೊಂದು ಕಾರಣವೂ ಇತ್ತು, ಅದನ್ನು ಹೇಳಲು ನಾಚಿಕೆ. ಅಷ್ಟು ಚೆನ್ನಾಗಿ ಬರೆದ ಅರ್ಜಿಗೆ ಸರಿಯಾದ ಉತ್ತರ ಬೇರೆ ಯಾರೂ ಬರೆಯಲಾರರು ಎಂಬ ಜಂಬ. ನಾಲ್ಕು ಪುಟ ಬರೆದೆ. ನನ್ನ ಒಂದೊಂದು ಮಾತನ್ನೂ ನಾನೇ ಹಿಡಿದು ಬಡಿದೆ. ಎಲ್ಲ ಆದ ಮೇಲೂ ಏನೋ ಕಡಿಮೆ ಅನ್ನಿಸಿ ಕೊನೆಗೆ ಒಂದು ಸಾಲು ಸೇರಿಸಿದೆ. "ಮುಳುಗಡೆಯ ಗಡಿಯನ್ನು ಡ್ಯಾಮು ಕಟ್ಟಿದಾಗಲೇ ಕಲ್ಲು ನೆಟ್ಟು ಗುರುತಿಸಲಾಗಿದ್ದು, ಅಂತಹ ಕಲ್ಲುಗಳನ್ನು ಕಿತ್ತು ತಂದು ಎಮ್ಮೆ ಕಟ್ಟಲು ಬಳಸುತ್ತಿರುವುದನ್ನು ಹಿನ್ನೀರಿನ ಗ್ರಾಮಗಳ ಕೆಲವು ಹಿತ್ತಲುಗಳಲ್ಲಿ ಇಂದಿಗೂ ಕಾಣಬಹುದಾಗಿದೆ."

ಜೋರಾಗಿ ಓದಿ ಹೇಳಿದೆ. ಆ ಸಾಲು ಬಂದಾಗ ಒಬ್ಬರು ತೊಡೆ ತಟ್ಟಿ, "ಇದು ಕಣ್ರಿ ಮಾತು," ಎಂದರು. ನನಗೆ ಖುಷಿಯಾಯಿತು. ಬರೆಯುವಾಗ ತವರಿನ ಹಿತ್ತಲು ಕಣ್ಣ ಮುಂದೆಯೇ ಇತ್ತು. ಆದರೆ ಅದು ಅಣ್ಣನ ಮನೆ ಎಂದು ತೋಚಲಿಲ್ಲ, ಒಳ್ಳೆಯ ಉದಾಹರಣೆ ಎಂದು ತೋಚಿತು. ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಹತ್ತುವ ರೋಗ ಇದು. ಮಾರನೆಯ ದಿನ ಅರ್ಜಿ ಚಿತ್ರದುರ್ಗಕ್ಕೆ ಹೋಯಿತು.

ಕೋಡಿ ಇಳಿಸುವುದೋ ಬಿಡುವುದೋ, ಎರಡು ಅರ್ಜಿಗೂ ಇನ್ನೂ ಉತ್ತರ ಬಂದಿಲ್ಲ. ಕಲ್ಲಿನ ಸಾಲಿಗೆ ಮಾತ್ರ ಬೇಗ ಬಂತು. ನೀರು ಹಿತ್ತಲಿನಿಂದ ಇಳಿದ ಮೇಲೆ ಸರ್ವೆಯವರು ಹಳೆಯ ನಕ್ಷೆ ಹಿಡಿದು ಮನೆಮನೆಯ ಹಿತ್ತಲು ಹೊಕ್ಕು ನೋಡಿದರು. ಅಣ್ಣನ ಹಿತ್ತಲಿನಲ್ಲಿ ಎಮ್ಮೆ ಕಟ್ಟಿತ್ತು. ಬಿಚ್ಚಿಸಿದರು, ಕೆಸರು ಉಜ್ಜಿದರು, ಬಾಣದ ಗುರುತು ಸಿಕ್ಕಿತು. ಕಲ್ಲನ್ನು ಅಗೆದು ತೆಗೆದು ದಿಣ್ಣೆಯ ಮೇಲೆ ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ ಹಳದಿ ಬಣ್ಣ ಹೊಡೆದರು. ಮನೆ ಡ್ಯಾಮಿನ ನೆಲದಲ್ಲಿದೆ, ಪರಿಹಾರವಿಲ್ಲ, ಖಾಲಿ ಮಾಡಬೇಕು ಎಂದು ನೋಟಿಸು ಬಂತು. ಇದೆಲ್ಲವನ್ನೂ ನನಗೆ ಫೋನಿನಲ್ಲಿ ಹೇಳಿದ್ದು ಅತ್ತಿಗೆ.

"ನಕ್ಷೆ ಐತೆ, ಅಳೀಲಿ, ಬ್ಯಾಡ ಅನ್ನಲ್ಲ. ಎಮ್ಮೆ ಕಟ್ಟಿರಾದು ಅವ್ರಿಗೆ ಹೆಂಗ್ ಗೊತ್ತಾತು ಅಂತ ನಿಮ್ಮಣ್ಣ ಒಂದೇ ಸಮ ಕೇಳ್ತಾರೆ. ನಾನೇನಂತ ಹೇಳ್ಲಿ?" ಎಂದರು.

ಸರಿಯಾಗಿ ಕೇಳಿಸುತ್ತಿಲ್ಲ ಎಂದು ನಾನು ಫೋನು ಇಟ್ಟುಬಿಟ್ಟೆ. ಚೆನ್ನಾಗಿಯೇ ಕೇಳಿಸುತ್ತಿತ್ತು.

ಅವತ್ತಿನಿಂದ ಅಣ್ಣನ ಫೋನು ನಿಂತಿತು. ನಾನೂ ಮಾಡಲಿಲ್ಲ, ಮಾಡಿ ಏನು ಹೇಳುವುದು. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ತೋಟ ಹಸಿರಾಯಿತು, ನನಗೆ ಒಂದು ಕಡೆ ನಿಲ್ಲಲು ಆಗದಂತಾಯಿತು. ಪಾಠ ಮಾಡುತ್ತ ಮಾಡುತ್ತ ಕ್ಲಾಸಿನಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದೆ. ಅಂಥದ್ದರಲ್ಲಿ ಈ ಟಿವಿಯವರು ಶುರು ಮಾಡಿದ್ದು. ಅವತ್ತು ಜನ ಎದ್ದು ಹೋದ ಮೇಲೆ ನಮ್ಮ ಮನೆಯವರನ್ನು ಕೇಳಿಯೇಬಿಟ್ಟೆ. "ಮೇಲಿನೋರು ನಿಲ್ಲಿಸ್ಬೇಕು ಅಂತೀರಲ್ಲ, ನಾವು ಕೆಳಗಿನೋರಲ್ವಾ?"

"ಅದು ಬೇರೆ ದೇಶದ ಮಾತು. ಇದು ಬೇರೆ."

"ನಮ್ಮ ಕೆಳಗೆ ಆಂಧ್ರದೋರು ಅವ್ರಲ್ಲ?"

"ಅದೂ ಬೇರೆ," ಎಂದು ಟಿವಿ ಆರಿಸಿದರು. ಆಮೇಲೆ ಮೆಲ್ಲಗೆ, "ನಿಂಗೆ ದೇಶದ ಚಿಂತೆ ಅಲ್ಲ. ಪಂಚಮಿಗೆ ಹೋಗಿ ಬಾ," ಎಂದರು.

ಪಂಚಮಿಗೆ ತವರಿನಿಂದ ಕರೆ ಬರಬೇಕು. ಮದುವೆಯಾದಾಗಿನಿಂದ ಅಣ್ಣ ಒಂದು ವರ್ಷವೂ ತಪ್ಪಿಸಿರಲಿಲ್ಲ. ಈ ಸಲ ಹಬ್ಬದ ಹಿಂದಿನ ದಿನದವರೆಗೂ ಫೋನನ್ನು ಸೆರಗಿನಲ್ಲೇ ಕಟ್ಟಿಕೊಂಡು ತಿರುಗಿದೆ. ಬರಲಿಲ್ಲ. ಕರೆಯದೆ ಹೋಗುವುದು ಮರ್ಯಾದೆಯಲ್ಲ ಎಂದು ಅತ್ತೆ ಗೊಣಗಿದರು. ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಅರ್ಜಿ ಬರೆಯುವ ಕೈಗೆ ಆ ಎರಡು ಮಾತು ಬರೆಯಲಾಗಲಿಲ್ಲ.

ಅಣ್ಣನವರು ಮನೆ ಖಾಲಿ ಮಾಡಿ ದಿಣ್ಣೆಯಿಂದಾಚೆ ಶೀಟಿನ ಎರಡು ಕೋಣೆ ಹಾಕಿಕೊಂಡಿದ್ದರು. ಅತ್ತಿಗೆ "ಬಾ" ಎಂದಷ್ಟೇ ಹೇಳಿ ಕಾಲಿಗೆ ನೀರು ಕೊಟ್ಟರು. ಹುತ್ತಕ್ಕೆ ಹೋಗಿ ತನಿ ಎರೆದು ಬಂದೆವು. ಅಣ್ಣ ಹೊಲದಿಂದ ಬಂದ. ನನ್ನನ್ನು ನೋಡಿ, ಒಳಗೆ ಹೋಗಿ, ಮಡಿಸಿದ ಒಂದು ಕಾಗದ ತಂದ.

"ಕನ್ನಡ್ಕ ಎಲ್ಲಿಟ್ಟೀನೋ ಸಿಗವಲ್ದು. ಓದು," ಎಂದ.

ನೋಟಿಸು. ಮೇಲೆ ಉಲ್ಲೇಖ ಎಂದು ಬರೆದು ನಮ್ಮೂರಿನ ಅರ್ಜಿಯನ್ನು ಹೆಸರಿಸಿದ್ದರು. ಕೆಳಗೆ ನನ್ನ ಸಾಲನ್ನು ಒಂದಕ್ಷರ ಬಿಡದೆ ಎತ್ತಿ ಹಾಕಿದ್ದರು. ಓದಿದೆ. ಎಮ್ಮೆ ಕಟ್ಟಲು ಎಂಬಲ್ಲಿಗೆ ಬಂದು ನಿಲ್ಲಿಸಿದೆ. ಅಣ್ಣ ಕಾದ. ಉಳಿದದ್ದನ್ನೂ ಓದಿಸಿದ. ಕಾಗದ ತೆಗೆದುಕೊಂಡು ಹಾಗೇ ಮಡಿಸಿ ಜೇಬಿನಲ್ಲಿಟ್ಟುಕೊಂಡ.

"ನಿನ್ನ ಮಾತು ಅಂತ ಅವತ್ತೇ ಗೊತ್ತಾತು," ಎಂದ. "ಎಮ್ಮೆ ಕಟ್ತಿದ್ವಿ, ಅದು ಖರೆ. ಬರ್ದೆ. ಪಂಚಮಿ ದಿನ ಅದ್ರ ಮ್ಯಾಲೆ ನಾನು ಕುಂತ್ಕಂತಿದ್ದೆ. ಅದನ್ನ ಯಾಕೆ ಬಿಟ್ಟೆ?"

ಅರ್ಜಿಯಲ್ಲಿ ಅಂಥ ಮಾತಿಗೆ ಜಾಗವಿರುವುದಿಲ್ಲ ಎನ್ನಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು. ಬಗ್ಗಿ ಹಾಲಿನ ಕ್ಯಾನಿನ ಮುಚ್ಚಳ ಬಿಗಿ ಮಾಡಿದೆ.

ಅವನು ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ದಿಣ್ಣೆಯ ಕಡೆ ನಡೆದ. ನಾನು ಕ್ಯಾನು ಹಿಡಿದು ಹಿಂದೆ ಹೋದೆ. ಹಳದಿ ಬಣ್ಣದ ಕಲ್ಲಿನ ಮೇಲೆ ನನಗೆ ಬೆನ್ನು ಮಾಡಿ ಕುಳಿತ. ಕೆಳಗೆ ಬಾಗಿಲು ಕಿತ್ತ ಮನೆ, ಅದರಾಚೆ ನೀರು, ನೀರಿನಲ್ಲಿ ತಾತ ಹಾಕಿದ ತೆಂಗಿನ ಮರಗಳು. ಹೂವು ಅದ್ದಿ ಬೆನ್ನಿಗೆ ಹಚ್ಚಿದೆ. ಕಂಕುಳಿನ ಹತ್ತಿರ ಕೈ ತಾನಾಗಿಯೇ ಹಿಂದೆ ಸರಿಯಿತು. ಬೆನ್ನು ತೊಳೆದು ಮುಗಿಯಿತು, ಅವನು ಮಾತ್ರ ಏಳಲಿಲ್ಲ.

"ಅನ್ನು," ಎಂದ. "ಅನ್ನದೆ ಎದ್ದೇಳಂಗಿಲ್ಲ."

"ಬೆನ್ನು ತಣ್ಣಗಿರ್ಲಿ," ಎಂದೆ. "ಹೊಟ್ಟೆ ತಣ್ಣಗಿರ್ಲಿ."

ಹಾಲು ಅವನ ಬೆನ್ನಿನಿಂದ ಕಲ್ಲಿಗೆ, ಕಲ್ಲಿನಿಂದ ಮಣ್ಣಿಗೆ ಇಳಿದು ಡ್ಯಾಮಿನ ನೆಲದ ಕಡೆ ಹರಿಯಿತು. ಪ್ರತಿ ವರ್ಷ ಕಲ್ಲಿನಿಂದ ಎದ್ದ ಕೂಡಲೇ ಅಣ್ಣ, "ಮುಂದಿನ ವರ್ಷ ಎರಡು ದಿನ ಮೊದಲೇ ಬಾ," ಎನ್ನುತ್ತಿದ್ದ. ಈ ಸಲ ಎದ್ದ, ಅಂಗಿ ಹಾಕಿಕೊಂಡ, ಎಮ್ಮೆಗೆ ನೀರು ಕುಡಿಸಲು ಕೆಳಗಿಳಿದು ಹೋದ.